ಅಂಗೈಯಗಲದ ಗಣಕಕ್ಕೆ ಉಸಿರು ತುಂಬಿದ ಬಗೆ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮೂರ ಪ್ರೌಢಶಾಲೆಯ ಗಣಿತದ ಮೇಷ್ಟರು ಹಳೆಯದೊಂದು ಊಟದ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದರು. ಡಬ್ಬಿಯಲ್ಲಿ ತಿಂಡಿಯೇನೂ ಇರಲಿಲ್ಲ. ವೃತ್ತಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಹಸುರು ಬಣ್ಣದ ಒಂದು ಫಲಕವಿತ್ತು. ಎಂಟೂವರೆ ಸೆಂಟಿಮೀಟರು ಉದ್ದ, ಐದೂವರೆ ಸೆಂಟಿಮೀಟರಿನಷ್ಟು ಅಗಲ, ತೂಕವೋ ೪೫ ಗ್ರಾಂ. ಅಂಗೈಯ ಮೇಲಿಟ್ಟರೆ ಬೆರಳುಗಳು ಹೊರಗೆ ಉಳಿಯುತ್ತಿದ್ದವು.

“ಇದು ಸತ್ತುಹೋಗಿದೆಯೆಂದು ಎಲ್ಲರೂ ಹೇಳುತ್ತಾರೆ, ಸ್ವಾಮಿ. ಹುಡುಗರು ಮಾತ್ರ ಬಿಡಲೊಲ್ಲರು. ತಾವೊಮ್ಮೆ ನೋಡಬೇಕು. ಬದುಕುವುದಾದರೆ ಶಾಲೆಯಲ್ಲಿಟ್ಟುಕೊಳ್ಳುತ್ತೇವೆ, ಇಲ್ಲವಾದರೆ ಗುಜರಿಗೆ ಹಾಕಿಬಿಡುತ್ತೇನೆ” ಎಂದರು.

ನೋಡಿದೊಡನೆ ನಮಗೆ ಗುರುತು ಹತ್ತಿತು. ೨೦೧೨ನೆಯ ಇಸವಿ ಫೆಬ್ರವರಿ ೨೯ರಂದು ಇಂಗ್ಲೆಂಡಿನ ಕೇಂಬ್ರಿಜ್‌ನವರು ಮಾರಾಟಕ್ಕೆ ತಂದ ‘ರಾಸ್ಪ್‌ಬೆರಿ ಪೈ’ ಎಂಬ ಗಣಕಯಂತ್ರದ ಮೊದಲ ಮಾದರಿ ಅದು. ಅಂದಿನ ಬೆಲೆ ೩೫ ಡಾಲರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಗಣಕವಿಜ್ಞಾನವನ್ನು ಓದಬಯಸುವ ಹುಡುಗರ ಸಂಖ್ಯೆ ಇಳಿಯುತ್ತ ಬಂದುದನ್ನೂ, ಬಂದವರಿಗೆ ಸಹ ಯಂತ್ರಕ್ಕೆ ಆಜ್ಞೆ ಬರೆದ ಅಭ್ಯಾಸ ಹಿಂದಿನವರಷ್ಟು ಇಲ್ಲದಿದ್ದುದನ್ನೂ ಅಲ್ಲಿ ಪಾಠ ಹೇಳುತ್ತಿದ್ದ ಎಬೆನ್ ಅಪ್ಟನ್ ಎಂಬವರು ಗಮನಿಸಿದರು. ೧೯೮೦ರ ದಶಕದಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲಿ ‘ಬಿಬಿಸಿ ಮೈಕ್ರೊ’ ಎಂಬ ಪುಟ್ಟ ಗಣಕವಿರುತ್ತಿತ್ತು. ಗುಂಡಿಯೊತ್ತಿದರೆ ಅದು ಆಟವನ್ನು ತೋರಿಸುತ್ತಿರಲಿಲ್ಲ. ಆಜ್ಞೆಗಾಗಿ ಕಾಯುತ್ತ ಕುಳಿತಿರುತ್ತಿತ್ತು. ಮಕ್ಕಳು ಅದಕ್ಕೆ ಏನನ್ನಾದರೂ ಹೇಳಲೇಬೇಕಾಗಿತ್ತು. ಅಂತಹುದೊಂದು ಯಂತ್ರ ಮತ್ತೆ ಬರಬೇಕು, ಅದು ಕೆಟ್ಟರೆ ಮನೆಯವರು ಹುಡುಗನನ್ನು ಗದರಿಸದಷ್ಟು ಅಗ್ಗವಾಗಿರಬೇಕು ಎಂಬ ಬಯಕೆಯಿಂದ ಅಪ್ಟನ್ನರೂ ಅವರ ಗೆಳೆಯರೂ ಈ ಫಲಕವನ್ನು ರೂಪಿಸಿದರು.

ಇದರಲ್ಲಿ ೭೦೦ ಮೆಗಾಹರ್ಟ್ಸ್ ವೇಗದ ಒಂದು ಸಂಸ್ಕಾರಕವುಂಟು. ೨೫೬ ಮೆಗಾಬೈಟು ನೆನಪುಂಟು. ದೂರದರ್ಶನದ ಪೆಟ್ಟಿಗೆಗೆ ಜೋಡಿಸಲು ಕಿಂಡಿಯುಂಟು. ಅಂಚಿನಲ್ಲಿ ಎರಡು ಸಾಲಾಗಿ ನಿಂತ ೨೬ ಲೋಹದ ಮುಳ್ಳುಗಳುಂಟು. ಇಲ್ಲದ್ದು ಒಂದೇ, ಬುದ್ಧಿ. ಅಂಗಡಿಯಲ್ಲಿ ಕೊಳ್ಳುವ ಸಾಮಾನ್ಯ ಗಣಕದ ಹೊಟ್ಟೆಯಲ್ಲಿ ಡಿಸ್ಕಿರುತ್ತದೆ, ಅದರೊಳಗೆ ಕಾರ್ಯನಿರ್ವಹಣ ವ್ಯವಸ್ಥೆಯನ್ನು ಮೊದಲೇ ತುಂಬಿರುತ್ತಾರೆ. ಈ ಫಲಕದಲ್ಲಿ ಅಂತಹದು ಏನೂ ಇಲ್ಲ. ಎಲ್ಲವನ್ನೂ ನಾವೇ ಒಂದು ಎಸ್‌ಡಿ ಕಾರ್ಡಿನ ಮೇಲೆ ಬರೆದು ಕೊಡಬೇಕು. ಶಾಲೆಯ ಕಾರ್ಡು ಎಂದೋ ಕಳೆದುಹೋಗಿತ್ತು. ಕಾರ್ಡಿಲ್ಲದ ಫಲಕಕ್ಕೆ ವಿದ್ಯುತ್ತು ಕೊಟ್ಟರೆ ಕೆಂಪು ದೀಪವೊಂದು ಹೊತ್ತಿಕೊಳ್ಳುತ್ತದೆ, ಅಷ್ಟೆ; ಪರದೆ ಕಪ್ಪಾಗಿಯೇ ಇರುತ್ತದೆ. ಸತ್ತಿದೆಯೆಂದು ಜನ ಹೇಳಿದ್ದರಲ್ಲಿ ಅವರ ತಪ್ಪೇನಿಲ್ಲ.

ನಾಡಿ ನೋಡಿದುದು

ಮೊದಲು ನಾಡಿ ಪರೀಕ್ಷಿಸಿದೆವು. ಈ ಮಾದರಿಯ ಫಲಕದ ಮೇಲೆ ಟಿಪಿ೧, ಟಿಪಿ೨ ಎಂದು ಹೆಸರಿಟ್ಟ ಎರಡು ಬಿಂದುಗಳಿವೆ. ಅವುಗಳ ನಡುವಿನ ವಿದ್ಯುದೊತ್ತಡ ೪.೭೫ರಿಂದ ೫.೨೫ ವೋಲ್ಟಿನೊಳಗೆ ಇರತಕ್ಕದ್ದು. ಮೇಷ್ಟರು ತಂದಿದ್ದ ಮೊಬೈಲಿನ ಹಳೆಯ ಚಾರ್ಜರನ್ನೂ ತಂತಿಯನ್ನೂ ಜೋಡಿಸಿ ಅಳೆದಾಗ ನಮ್ಮ ಮೀಟರು ನಾಲ್ಕೂವರೆಯ ಆಸುಪಾಸಿನಲ್ಲಿ ಓಲಾಡಿತು. ಚಾರ್ಜರಿನ ಬಾಯಲ್ಲಿಯೇ ಅಳೆದರೆ ಸರಿಯಾಗಿ ಐದು ವೋಲ್ಟು. ಹಾಗಾದರೆ ಅರ್ಧ ವೋಲ್ಟು ದಾರಿಯಲ್ಲಿ ಎಲ್ಲಿ ಹೋಯಿತು?

ಶಾಲೆಯ ಹುಡುಗರು ಓದುವ ಓಮನ ನಿಯಮವೇ ಇದಕ್ಕೆ ಉತ್ತರ ಹೇಳುತ್ತದೆ. ಫಲಕವು ೦.೭ ಆಂಪಿಯರು ವಿದ್ಯುತ್ತನ್ನು ಎಳೆಯುತ್ತಿರುವಾಗ, ತಂತಿಯ ರೋಧ ೦.೭ ಓಮು ಇದ್ದರೆ, ಎರಡನ್ನೂ ಗುಣಿಸಿ, ೦.೪೯ ವೋಲ್ಟು ತಂತಿಯಲ್ಲಿಯೇ ಸೋರಿಹೋಗುತ್ತದೆ. ಅಗ್ಗದ ತಂತಿಯೊಳಗಿನ ತಾಮ್ರ ಕೂದಲೆಳೆಯಷ್ಟು ತೆಳು. ಅದರ ರೋಧ ಇಷ್ಟಿರುವುದು ಅಸಂಭವವಲ್ಲ. ಮೊಬೈಲಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ, ನಿಧಾನವಾಗಿ ತುಂಬಿಕೊಳ್ಳುತ್ತದೆ. ಗಣಕಕ್ಕೆ ಹಾಗಲ್ಲ: ಕಾರ್ಡಿನಿಂದ ಓದುವಾಗ ಒಂದು ಅಂಕಿ ತಪ್ಪಿದರೂ ಮುಂದಿನದೆಲ್ಲ ತಪ್ಪು. ದಪ್ಪನೆಯ, ಗಿಡ್ಡನೆಯ ತಂತಿಯೊಂದನ್ನು ಹಾಕಿದೆವು, ಮೀಟರು ೪.೯ಕ್ಕೆ ಏರಿತು. ಈ ಫಲಕಗಳ ವಿಷಯದಲ್ಲಿ ಲಿನಕ್ಸಿನ ದೋಷವೆಂದು ಜನ ದೂರುವ ಎಷ್ಟೋ ಕಾಯಿಲೆಗಳು ತಂತಿಯ ಕಾಯಿಲೆಗಳೆಂಬುದು ನಮ್ಮ ಅನುಭವ.

ಆರ್ಮ್ ಎಂಬ ಮಿತಾಹಾರಿ

ಕಾರ್ಡಿನ ಕೆಲಸಕ್ಕೆ ಹೋಗುವ ಮುನ್ನ, ಈ ಫಲಕದ ಹೃದಯವಾದ ‘ಆರ್ಮ್’ ಸಂಸ್ಕಾರಕದ ಹುಟ್ಟನ್ನು ಹೇಳದೆ ಮುಂದೆ ಸಾಗಲು ಮನಸ್ಸಾಗದು. ಬಿಬಿಸಿ ಮೈಕ್ರೊವನ್ನು ತಯಾರಿಸಿದ ಏಕಾರ್ನ್ ಎಂಬ ಕೇಂಬ್ರಿಜ್ಜಿನ ಸಂಸ್ಥೆಯೇ ಇದರ ತವರು. ಸೋಫಿ ವಿಲ್ಸನ್ ಇದರ ಆಜ್ಞೆಗಳ ಪಟ್ಟಿಯನ್ನು ರಚಿಸಿದರು. ಸ್ಟೀವ್ ಫರ್ಬರ್ ಅದಕ್ಕೆ ತಕ್ಕ ಒಡಲನ್ನು ವಿನ್ಯಾಸಗೊಳಿಸಿದರು. ಸಂಸ್ಥೆ ಚಿಕ್ಕದು, ಹಣವೂ ಕಡಿಮೆ. ಆದಕಾರಣ ಅವರು ಆಜ್ಞೆಗಳನ್ನು ಆದಷ್ಟು ಸರಳವಾಗಿ, ಕೆಲವೇ ಬಗೆಯಾಗಿ ಇಟ್ಟರು. ಸುಮಾರು ೨೫,೦೦೦ ಟ್ರಾನ್ಸಿಸ್ಟರುಗಳಲ್ಲಿ ಇಡೀ ಸಂಸ್ಕಾರಕ ಮುಗಿಯಿತು.

ಮೊದಲ ತುಣುಕು ಕಾರ್ಖಾನೆಯಿಂದ ೧೯೮೫ರ ಏಪ್ರಿಲ್ ೨೬ರಂದು ಬಂದಿತು. ಅದನ್ನು ಜೋಡಿಸಿದರು, ಕೆಲಸ ಮಾಡಿತು. ಎಷ್ಟು ವಿದ್ಯುತ್ತು ತಿನ್ನುತ್ತದೆಂದು ನೋಡಲು ಮಾಪಕವನ್ನು ಇಟ್ಟರೆ ಮುಳ್ಳು ಸೊನ್ನೆಯ ಮೇಲೆಯೇ ನಿಂತಿತ್ತು! ಪರೀಕ್ಷಿಸಿ ನೋಡಲಾಗಿ, ಸಂಸ್ಕಾರಕಕ್ಕೆ ವಿದ್ಯುತ್ತು ಒದಗಿಸುವ ಸಂಪರ್ಕವೇ ಕೂಡಿರಲಿಲ್ಲ. ಸುತ್ತಲಿನ ಭಾಗಗಳಿಂದ ಸಂಕೇತದ ತಂತಿಗಳ ಮೂಲಕ ಸೋರಿಬರುತ್ತಿದ್ದ ಅಲ್ಪ ವಿದ್ಯುತ್ತಿನಿಂದಲೇ ಅದು ಲೆಕ್ಕ ಮಾಡುತ್ತಿತ್ತು. ಈ ಸಂಗತಿಯನ್ನು ಫರ್ಬರರು ಹಲವು ಬಾರಿ ಹೇಳಿಕೊಂಡಿದ್ದಾರೆ. ೧೯೯೦ರಲ್ಲಿ ಏಕಾರ್ನ್, ಆಪಲ್ ಮತ್ತು ವಿಎಲ್‌ಎಸ್‌ಐ ಎಂಬ ಮೂರು ಸಂಸ್ಥೆಗಳು ಕೂಡಿ ಆರ್ಮ್ ವಿನ್ಯಾಸಕ್ಕೆಂದೇ ಬೇರೊಂದು ಸಂಸ್ಥೆಯನ್ನು ಕಟ್ಟಿದವು. ಈ ಮಿತಾಹಾರದ ಗುಣವೇ ಮುಂದೆ ಅದನ್ನು ಜಗತ್ತಿನ ಮೊಬೈಲುಗಳೊಳಗೆ ಕೂಡಿಸಿತು. ವಾಚಕರ ಜೇಬಿನಲ್ಲಿರುವ ಫೋನಿನಲ್ಲಿಯೂ ಬಹುಮಟ್ಟಿಗೆ ಅದರ ವಂಶಜನೇ ಇರುತ್ತಾನೆ.

ಲಿನಕ್ಸಿನ ಕಥೆ ಹಲವರಿಗೆ ತಿಳಿದುದೇ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತನ್ನ ಮೇಜಿನ ಮೇಲಿದ್ದ ಇಂಟೆಲ್ ಗಣಕಕ್ಕಾಗಿ ಒಂದು ಕರ್ನೆಲನ್ನು, ಎಂದರೆ ಕಾರ್ಯನಿರ್ವಹಣ ವ್ಯವಸ್ಥೆಯ ತಿರುಳನ್ನು, ಬರೆದು ಎಲ್ಲರ ಮುಂದೆ ಇಟ್ಟನು. ಬರೆದುದು ಎಲ್ಲರ ಕಣ್ಣಿಗೆ ತೆರೆದಿದ್ದುದರಿಂದ, ೧೯೯೪ರಲ್ಲಿ ಇಂಗ್ಲೆಂಡಿನ ರಸೆಲ್ ಕಿಂಗ್ ಅದನ್ನು ಆರ್ಮ್ ಸಂಸ್ಕಾರಕಕ್ಕೆ ಒಗ್ಗಿಸತೊಡಗಿದರು. ಆದರೆ ತಿರುಳೊಂದರಿಂದ ಯಾರ ಹೊಟ್ಟೆಯೂ ತುಂಬದು. ಕಡತಗಳನ್ನು ತೆರೆಯುವ, ಅಕ್ಷರಗಳನ್ನು ಮೂಡಿಸುವ, ಹೊಸ ಸಾಧನಗಳನ್ನು ತರಿಸಿಕೊಳ್ಳುವ ಸಾವಿರಾರು ಕ್ರಮವಿಧಿಗಳು ಅದರ ಸುತ್ತ ನೆರೆಯಬೇಕು. ಒಂದರ ಜೊತೆ ಇನ್ನೊಂದು ಜಗಳವಾಡದಂತೆ ಯಾರಾದರೂ ಜೋಡಿಸಿ ಕೊಡಬೇಕು. ಹೀಗೆ ಜೋಡಿಸಿದ ಸರಂಜಾಮಿಗೆ ‘ವಿತರಣೆ’ ಎಂದು ಹೆಸರು. ೧೯೯೩ರಲ್ಲಿ ಇಯಾನ್ ಮರ್ಡಕ್ ಆರಂಭಿಸಿದ ‘ಡೆಬಿಯನ್’ ಇಂತಹ ವಿತರಣೆಗಳಲ್ಲಿ ಹಳೆಯದು, ದೊಡ್ಡದು.

ಆಳು ಎದ್ದು ಯಜಮಾನನನ್ನು ಎಬ್ಬಿಸುವುದು

ಈ ಫಲಕವು ನಿದ್ದೆಯಿಂದ ಏಳುವ ಬಗೆ ವಿಚಿತ್ರವಾದುದು. ವಿದ್ಯುತ್ತು ಬಂದೊಡನೆ ಆರ್ಮ್ ಸಂಸ್ಕಾರಕ ಮೊದಲು ಎಚ್ಚರಗೊಳ್ಳುವುದೆಂದು ಯಾರಾದರೂ ಊಹಿಸುವರು. ನಿಜದಲ್ಲಿ ಮೊದಲು ಏಳುವುದು ಚಿತ್ರಗಳನ್ನು ಬಿಡಿಸಲೆಂದು ಅದೇ ಸಿಲಿಕಾನ್ ತುಣುಕಿನಲ್ಲಿ ಇಟ್ಟಿರುವ ಇನ್ನೊಂದು ಸಂಸ್ಕಾರಕ. ಯಜಮಾನ ಮಲಗಿದ್ದಾನೆ, ಮನೆಯ ಆಳು ಮೊದಲೆದ್ದು ಬಾಗಿಲು ತೆಗೆದು, ಒಲೆ ಹಚ್ಚಿ, ಎಲ್ಲವನ್ನೂ ಅಣಿಮಾಡಿ ಆಮೇಲೆ ಅವನನ್ನು ಎಬ್ಬಿಸುತ್ತಾನೆ!

ಆ ಆಳಿಗೆ ಹುಟ್ಟಿನಿಂದ ತಿಳಿದಿರುವ ವಿದ್ಯೆ ಬಲು ಚಿಕ್ಕದು. ತುಣುಕನ್ನು ತಯಾರಿಸುವಾಗಲೇ ಅದರಲ್ಲಿ ಅಳಿಸಲಾಗದಂತೆ ಕೊರೆದಿರುವ ಕೆಲವು ಆಜ್ಞೆಗಳು, ಅಷ್ಟೆ: ಎಸ್‌ಡಿ ಕಾರ್ಡಿನ ಮೊದಲ ವಿಭಾಗವನ್ನು ನೋಡು, ಅಲ್ಲಿ ‘ಬೂಟ್‌ಕೋಡ್.ಬಿನ್’ ಎಂಬ ಕಡತವಿದ್ದರೆ ಎತ್ತಿಕೋ. ಎತ್ತಿಕೊಂಡು ಎಲ್ಲಿಡಬೇಕು? ೨೫೬ ಮೆಗಾಬೈಟಿನ ದೊಡ್ಡ ನೆನಪು ಇನ್ನೂ ಎಚ್ಚರಗೊಂಡಿಲ್ಲ. ಅದನ್ನು ಎಚ್ಚರಿಸುವ ವಿಧಿ ಈ ಕಡತದೊಳಗೇ ಇದೆ. ಆದುದರಿಂದ ತುಣುಕಿನೊಳಗೇ ಇರುವ ೧೨೮ ಕಿಲೋಬೈಟಿನ ಒಂದು ಚಿಕ್ಕ ಉಗ್ರಾಣದಲ್ಲಿ ಅದನ್ನು ಇರಿಸಿಕೊಂಡು ನಡೆಸುತ್ತದೆ. ಅದು ದೊಡ್ಡ ನೆನಪನ್ನು ಎಬ್ಬಿಸಿ, ‘ಸ್ಟಾರ್ಟ್.ಎಲ್ಫ್’ ಎಂಬ ಮತ್ತೊಂದು ದೊಡ್ಡ ಕಡತವನ್ನು ತರುತ್ತದೆ. ಇದು ‘ಕಾನ್ಫಿಗ್.ಟೆಕ್ಸ್ಟ್’ ಎಂಬ ಚೀಟಿಯನ್ನು ಓದಿ, ನೆನಪನ್ನು ಆಳಿಗಿಷ್ಟು ಯಜಮಾನನಿಗಿಷ್ಟು ಎಂದು ಹಂಚಿ, ಲಿನಕ್ಸಿನ ಕರ್ನೆಲನ್ನು ತಂದಿರಿಸಿ, ಕೊನೆಗೆ ಆರ್ಮ್ ಸಂಸ್ಕಾರಕದ ಕಟ್ಟನ್ನು ಬಿಚ್ಚುತ್ತದೆ.

ಕರ್ನೆಲಿನ ಜೊತೆಗೆ ಇನ್ನೊಂದು ಕಡತವನ್ನೂ ಅದರ ಕೈಗೆ ಕೊಡುತ್ತಾರೆ. ಅದಕ್ಕೆ ‘ಡಿವೈಸ್ ಟ್ರೀ’ ಎನ್ನುತ್ತಾರೆ. ಮನೆಯ ನಕ್ಷೆಯೆಂದು ನಾವು ಕರೆಯಬಹುದು. ಮೇಜಿನ ಮೇಲಿನ ಸಾಮಾನ್ಯ ಗಣಕದಲ್ಲಿ ಕರ್ನೆಲು “ಇಲ್ಲಿ ಯಾರು ಯಾರಿದ್ದೀರಿ?” ಎಂದು ಕೂಗಿದರೆ ಬಹುಪಾಲು ಉಪಕರಣಗಳು ಓಗೊಡುತ್ತವೆ. ಆರ್ಮ್ ಫಲಕಗಳಲ್ಲಿ ಅಂತಹ ಏರ್ಪಾಡಿಲ್ಲ. ದೀಪ ಯಾವ ಮುಳ್ಳಿಗೆ ಸೇರಿದೆ, ಕಾರ್ಡು ಓದುವ ಅಂಗ ನೆನಪಿನ ಯಾವ ವಿಳಾಸದಲ್ಲಿದೆ ಎಂಬುದು ತಾನಾಗಿ ತಿಳಿಯುವಂತಿಲ್ಲ. ಮೊದಲೇ ಯಾರಾದರೂ ಹೇಳಿರಬೇಕು. ಹಿಂದೆ ಈ ವಿವರಗಳನ್ನೆಲ್ಲ ಒಂದೊಂದು ಫಲಕಕ್ಕೆ ಒಂದೊಂದರಂತೆ ಕರ್ನೆಲಿನೊಳಗೇ ಬರೆಯುತ್ತಿದ್ದರು. ಫಲಕಗಳು ನೂರಾರಾದವು, ಬರೆಹ ಕಾಡಿನಂತೆ ಬೆಳೆಯಿತು. ೨೦೧೧ರಲ್ಲಿ ಟೊರ್ವಾಲ್ಡ್ಸರು ಆರ್ಮ್ ಬಳಗದವರ ಮೇಲೆ ಬಹಿರಂಗವಾಗಿಯೇ ಸಿಡಿದೆದ್ದರು. ಆಮೇಲೆ ನಕ್ಷೆಯನ್ನು ಕರ್ನೆಲಿನಿಂದ ಹೊರಗೆ ತೆಗೆದು ಬೇರೆಯ ಕಡತವಾಗಿ ಇಡುವ ಪದ್ಧತಿ ಆರ್ಮ್ ಫಲಕಗಳಲ್ಲಿ ನೆಲೆಗೊಂಡಿತು.

ಏಳು ಸಲ ಮಿನುಗಿದ ದೀಪ

ಮರುದಿನ ಭಾನುವಾರ. ಮೇಷ್ಟರು ಒಂಬತ್ತನೆಯ ತರಗತಿಯ ಮೂವರು ವಿದ್ಯಾರ್ಥಿಗಳನ್ನು ಕರೆತಂದರು. ವಿತರಣೆಯ ಪ್ರತಿಕೃತಿಯನ್ನು ನಾವು ಹಿಂದಿನ ರಾತ್ರಿಯೇ ಇಳಿಸಿಕೊಂಡಿದ್ದೆವು. ಪ್ರತಿಕೃತಿಯೆಂದರೆ ಇಡೀ ಕಾರ್ಡಿನ ಅಚ್ಚು: ಅದರ ವಿಭಾಗಗಳು, ವಿಭಾಗಗಳ ಗಡಿಗಳು, ಒಳಗಿನ ಕಡತಗಳು, ಎಲ್ಲವೂ ಒಂದೇ ಕಡತವಾಗಿ. ಅದನ್ನು ಹಾಡನ್ನೋ ಚಿತ್ರವನ್ನೋ ನಕಲು ಮಾಡಿದಂತೆ ಕಾರ್ಡಿಗೆ ಎಳೆದುಹಾಕಿದರೆ ಫಲ ದೊರೆಯದು; ಕಾರ್ಡಿನ ಮೊದಲನೆಯ ಬೈಟಿನಿಂದ ಹಿಡಿದು ಅಚ್ಚೊತ್ತಿದಂತೆ ಬರೆಯಬೇಕು. ಲಿನಕ್ಸಿನಲ್ಲಿ ಇದಕ್ಕೆ ‘ಡಿಡಿ’ ಎಂಬ ಎರಡಕ್ಷರದ ಹಳೆಯ ಆಜ್ಞೆಯುಂಟು. ಎಲ್ಲಿಂದ, ಎಲ್ಲಿಗೆ ಎಂದು ಎರಡು ಮಾತು ಹೇಳಿದರೆ ಸಾಕು, ಮರುಪ್ರಶ್ನೆ ಕೇಳದೆ ಬರೆದುಬಿಡುತ್ತದೆ. ಆ ಮರುಪ್ರಶ್ನೆ ಕೇಳದ ಗುಣದ ವಿಷಯವನ್ನು ಮುಂದೆ ಹೇಳುತ್ತೇವೆ.

ಬರೆದೆವು. ಕಾರ್ಡನ್ನು ಸೇರಿಸಿ ವಿದ್ಯುತ್ತು ಕೊಟ್ಟೆವು. ಕೆಂಪು ದೀಪ ಹೊತ್ತಿತು. ಪಕ್ಕದ ಹಸುರು ದೀಪ ಮಿಣುಕಿತು. ಪರದೆಯ ಮೇಲೆ ಮಾತ್ರ ಏನೂ ಇಲ್ಲ. ಕಿತ್ತು ಮತ್ತೆ ಜೋಡಿಸಿದೆವು, ಅದೇ ಫಲ. ಕಾರ್ಡೇ ಕೆಟ್ಟಿರಬೇಕೆಂದು ನಾವು ಮೇಷ್ಟರಿಗೆ ಹೇಳುತ್ತಿರುವಾಗ ಹುಡುಗಿಯೊಬ್ಬಳು ತಡೆದು, “ಸಾರ್, ಅದು ಸುಮ್ಮನೆ ಮಿನುಗುತ್ತಿಲ್ಲ. ಏಳು ಸಲ ಮಿನುಗಿ ನಿಲ್ಲುತ್ತದೆ, ಮತ್ತೆ ಏಳು ಸಲ” ಎಂದಳು.

ನಾವು ಎಣಿಸಿದೆವು, ಏಳೇ. ಈ ಮಿನುಗು ಒಂದು ಭಾಷೆ. ಪರದೆಯಿನ್ನೂ ಸಿದ್ಧವಾಗದ ಹೊತ್ತಿನಲ್ಲಿ ದೋಷವನ್ನು ಹೇಳಲು ಫಲಕಕ್ಕಿರುವ ಬಾಯಿ ಅದೊಂದೇ. ನಾಲ್ಕು ಸಲ ಮಿನುಗಿದರೆ ಸ್ಟಾರ್ಟ್.ಎಲ್ಫ್ ಕಡತ ಸಿಗಲಿಲ್ಲವೆಂದು ಅರ್ಥ, ಏಳು ಸಲವಾದರೆ ಕರ್ನೆಲು ಸಿಗಲಿಲ್ಲವೆಂದು ಅರ್ಥ. ಹಾಗಾದರೆ ಕಾರ್ಡು ಚೆನ್ನಾಗಿದೆ; ಆಳು ಎದ್ದಿದ್ದಾನೆ, ಒಲೆ ಹಚ್ಚಿದ್ದಾನೆ, ನೆನಪು ಎಚ್ಚರಗೊಂಡಿದೆ; ತಂದು ಕೂರಿಸಬೇಕಾದ ಕರ್ನೆಲು ಮಾತ್ರ ಇಲ್ಲ. ಕಾರ್ಡನ್ನು ನಮ್ಮ ಗಣಕಕ್ಕೆ ಹಾಕಿ ಮೊದಲ ವಿಭಾಗವನ್ನು ತೆರೆದು ನೋಡಿದೆವು. ‘ಕರ್ನೆಲ್‌೮.ಇಮೇಜ್’ ಎಂಬುದಿತ್ತು, ನಮ್ಮ ಫಲಕ ಹುಡುಕುವ, ಹಿಂದೆ ಯಾವ ಅಂಕಿಯೂ ಇಲ್ಲದ ‘ಕರ್ನೆಲ್.ಇಮೇಜ್’ ಇರಲಿಲ್ಲ. ಆತುರದಲ್ಲಿ ನಾವು ಹೊಸ ಮಾದರಿಗಳಿಗೆಂದು ಮಾಡಿದ ೬೪ ಬಿಟ್ಟಿನ ಪ್ರತಿಕೃತಿಯನ್ನು ಇಳಿಸಿಕೊಂಡಿದ್ದೆವು. ಅಪರಾಧ ಪೂರ್ತಿಯಾಗಿ ನಮ್ಮದು.

ಆರ್ಮ್ ಎಂಬುದು ಒಂದೇ ಭಾಷೆಯಲ್ಲ, ಒಂದು ಭಾಷೆಯ ಹಲವು ತಲೆಮಾರುಗಳು. ನಮ್ಮ ಫಲಕದ ಸಂಸ್ಕಾರಕ ಆರನೆಯ ತಲೆಮಾರಿನದು. ೬೪ ಬಿಟ್ಟಿನ ಆಜ್ಞೆಗಳು ಎಂಟನೆಯ ತಲೆಮಾರಿನಲ್ಲಿ ಬಂದವು. ಹೊಸಬರು ಹಳಬರ ಮಾತನ್ನು ತಿಳಿದುಕೊಳ್ಳಬಹುದು. ಅಜ್ಜನ ಮುಂದೆ ಮೊಮ್ಮಗನ ಕಾಲದ ಪದಗಳನ್ನು ಆಡಿದರೆ ಅಜ್ಜ ಸುಮ್ಮನೆ ಕುಳಿತುಬಿಡುತ್ತಾನೆ.

ಈ ಅಜ್ಜನ ವಿಷಯದಲ್ಲಿ ಹಿಂದೊಂದು ದೊಡ್ಡ ಸಮಸ್ಯೆಯೇ ಎದ್ದಿತ್ತು. ೨೦೧೨ರ ಸುಮಾರಿಗೆ ಡೆಬಿಯನ್ ಬಳಗದವರು ಆರ್ಮ್ ಯಂತ್ರಗಳಿಗಾಗಿ ಎರಡು ಬಗೆಯ ವಿತರಣೆಗಳನ್ನು ಸಿದ್ಧಪಡಿಸುತ್ತಿದ್ದರು. ಒಂದು ತೀರ ಹಳೆಯ ಯಂತ್ರಗಳಿಗೆ. ಅದು ದಶಾಂಶದ ಲೆಕ್ಕಗಳನ್ನು ವಿಶೇಷ ಅಂಗದ ನೆರವಿಲ್ಲದೆ ಬರಿಯ ಆಜ್ಞೆಗಳಿಂದಲೇ, ಬೆರಳೆಣಿಸಿ ಕೂಡಿದಂತೆ, ನಿಧಾನವಾಗಿ ಮಾಡುತ್ತಿತ್ತು. ಇನ್ನೊಂದು ಏಳನೆಯ ತಲೆಮಾರಿನಿಂದ ಈಚಿನವರಿಗೆ. ರಾಸ್ಪ್‌ಬೆರಿ ಪೈ ಇವೆರಡರ ನಡುವೆ ಸಿಕ್ಕಿಬಿದ್ದಿತು: ದಶಾಂಶದ ಲೆಕ್ಕಕ್ಕೆ ಬೇಕಾದ ಅಂಗ ಅದರಲ್ಲಿ ಇದ್ದರೂ ಮೊದಲನೆಯ ವಿತರಣೆ ಅದನ್ನು ಮುಟ್ಟುತ್ತಿರಲಿಲ್ಲ, ಎರಡನೆಯ ವಿತರಣೆಯ ಮಾತು ಅದಕ್ಕೆ ತಿಳಿಯುತ್ತಿರಲಿಲ್ಲ. ಆಗ ಮೈಕ್ ಥಾಂಪ್ಸನ್, ಪೀಟರ್ ಗ್ರೀನ್ ಎಂಬ ಇಬ್ಬರು ಮುಂದೆ ನಿಂತು, ಡೆಬಿಯನ್ನಿನ ಮೂಲ ಬರೆಹವನ್ನೇ ತೆಗೆದುಕೊಂಡು, ಆರನೆಯ ತಲೆಮಾರಿಗೆ ತಕ್ಕಂತೆ ಎಲ್ಲವನ್ನೂ ಹೊಸದಾಗಿ ಪರಿವರ್ತಿಸಲು ಹೊರಟರು. ಒಂದೆರಡಲ್ಲ, ೩೫,೦೦೦ಕ್ಕೂ ಮಿಕ್ಕ ಕಟ್ಟುಗಳು! ೨೦೧೨ರ ಜೂನ್ ತಿಂಗಳಲ್ಲಿ ಮೊದಲ ಸುತ್ತು ಮುಗಿಯಿತು. ‘ರಾಸ್ಪ್‌ಬಿಯನ್’ ಎಂದು ಅದಕ್ಕೆ ಹೆಸರಾಯಿತು. ೨೦೨೦ರಿಂದೀಚೆಗೆ ರಾಸ್ಪ್‌ಬೆರಿ ಪೈ ಸಂಸ್ಥೆಯವರ ವಿತರಣೆಗೆ ‘ರಾಸ್ಪ್‌ಬೆರಿ ಪೈ ಓಎಸ್’ ಎಂಬ ಹೆಸರು ಬಂದಿದೆ. ಅದರ ೩೨ ಬಿಟ್ಟಿನ ಪಾಠದಲ್ಲಿ ಅವರ ದುಡಿಮೆ ಅಡಗಿದೆ. ನಮಗೆ ಬೇಕಾದುದು ಆ ಪಾಠ.

ಒಂದು ಅಕ್ಷರದ ಬೆಲೆ

ಇಲ್ಲಿಂದ ಮುಂದಿನದನ್ನು ಬರೆಯಲು ನಮಗೆ ಸಂತೋಷವಿಲ್ಲ. ಆದರೂ ವಾಚಕರಲ್ಲಿ ಯಾರಾದರೂ ಇದೇ ಹಾದಿಯಲ್ಲಿ ನಡೆಯಬಹುದಾದುದರಿಂದ ಬರೆಯಲೇಬೇಕು.

ಮೂರು ದಿನ ಬಿಟ್ಟು, ಸರಿಯಾದ ಪ್ರತಿಕೃತಿ ಇಳಿದ ಮೇಲೆ, ರಾತ್ರಿ ಒಬ್ಬರೇ ಕುಳಿತು ಕೆಲಸಕ್ಕೆ ತೊಡಗಿದೆವು. ಲಿನಕ್ಸು ತನಗೆ ಜೋಡಿಸಿದ ಡಿಸ್ಕುಗಳಿಗೆ ‘ಎಸ್‌ಡಿಎ’, ‘ಎಸ್‌ಡಿಬಿ’, ‘ಎಸ್‌ಡಿಸಿ’ ಎಂದು ಕಂಡುಕೊಂಡ ಕ್ರಮದಲ್ಲಿ ಹೆಸರಿಡುತ್ತದೆ. ಭಾನುವಾರ ಕಾರ್ಡು ಎಸ್‌ಡಿಬಿ ಆಗಿತ್ತು. ಈ ರಾತ್ರಿ ಕಾರ್ಡಿಗಿಂತ ಮೊದಲು ನಾವು ಹೊರಗಿನ ಡಿಸ್ಕೊಂದನ್ನು ಬೇರೊಂದು ಕೆಲಸಕ್ಕಾಗಿ ಜೋಡಿಸಿದ್ದೆವು. ಎಸ್‌ಡಿಬಿ ಎಂಬ ಹೆಸರು ಅದಕ್ಕೆ ಹೋಗಿ, ಕಾರ್ಡು ಎಸ್‌ಡಿಸಿ ಆಗಿತ್ತು. ನಾವು ನೋಡಲಿಲ್ಲ. ಹಿಂದಿನ ಆಜ್ಞೆಯನ್ನು ಮೇಲ್ಮುಖದ ಬಾಣದ ಗುಂಡಿಯಿಂದ ಕರೆದು, ಪ್ರತಿಕೃತಿಯ ಹೆಸರನ್ನಷ್ಟೇ ತಿದ್ದಿ, ಗುಂಡಿಯೊತ್ತಿದೆವು.

ಕಾರ್ಡನ್ನು ಸಿಕ್ಕಿಸಿದ್ದ ಸಾಧನದ ದೀಪ ಮಿನುಗಲಿಲ್ಲ. ಮೇಜಿನ ಆ ತುದಿಯಲ್ಲಿದ್ದ ಡಿಸ್ಕು ಗಿರ್ರೆಂದು ತಿರುಗತೊಡಗಿತು. ಅರ್ಥವಾಗಲು ಕೆಲವು ಕ್ಷಣ ಹಿಡಿಯಿತು. ನಿಲ್ಲಿಸುವಷ್ಟರಲ್ಲಿ ಎಂಟುನೂರು ಮೆಗಾಬೈಟು ಬರೆದಾಗಿತ್ತು.

ಆ ಡಿಸ್ಕಿನಲ್ಲಿ ನಮ್ಮ ತಾಯಿಯವರ ಹದಿನೇಳು ಬೀಸುವ ಪದಗಳಿದ್ದವು. ಅವರು ತೀರಿಕೊಳ್ಳುವ ಹಿಂದಿನ ಬೇಸಗೆಯಲ್ಲಿ, ಬೀಸುವ ಕಲ್ಲಿನ ಮುಂದೆ ಕೂರಿಸಿ ನಾವು ಧ್ವನಿಮುದ್ರಿಸಿಕೊಂಡಿದ್ದೆವು. ಕಲ್ಲಿಲ್ಲದೆ ಹಾಡಲು ಬಾರದೆಂದು ಅವರು ಹಟಹಿಡಿದಿದ್ದರು. ಇನ್ನೊಂದು ನಕಲು ಮಾಡಿಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆವು, ಮಾಡಿರಲಿಲ್ಲ.

ಇಂತಹ ಹೊತ್ತಿನಲ್ಲಿ ಮಾಡತಕ್ಕ ಮೊದಲ ಕೆಲಸವೆಂದರೆ ಏನನ್ನೂ ಮಾಡದಿರುವುದು. ಡಿಸ್ಕಿನ ಮೊದಲ ಭಾಗದಲ್ಲಿ ಯಾವ ಕಡತ ಎಲ್ಲಿದೆಯೆಂದು ಹೇಳುವ ಪಟ್ಟಿಯಿರುತ್ತದೆ. ಅಚ್ಚು ಬಿದ್ದುದು ಅದರ ಮೇಲೆ. ಪಟ್ಟಿ ಹಾಳಾದರೂ ಆಚೆಯ ಕಡತಗಳು ಇದ್ದಲ್ಲಿಯೇ ಇರುತ್ತವೆ. ಅಟ್ಟದ ಮೇಲಿನ ಭರಣಿಗಳ ಚೀಟಿಗಳು ಉದುರಿಹೋದಂತೆ. ಡಿಸ್ಕಿಗೆ ಮತ್ತೇನನ್ನಾದರೂ ಬರೆದರೆ ಮಾತ್ರ ಭರಣಿಗಳೂ ಒಡೆಯುತ್ತವೆ. ನಾವು ಡಿಸ್ಕನ್ನು ಕಳಚಿ, ಮರುದಿನ ಕ್ರಿಸ್ತೋಫ್ ಗ್ರೆನಿಯೆ ಅವರು ಬರೆದ ‘ಫೋಟೋರೆಕ್’ ಎಂಬ ಕ್ರಮವಿಧಿಯನ್ನು ತಂದೆವು. ಇದು ಪಟ್ಟಿಯನ್ನು ನಂಬುವುದೇ ಇಲ್ಲ. ಡಿಸ್ಕನ್ನು ತುದಿಯಿಂದ ತುದಿಗೆ ಓದುತ್ತ, ಚಿತ್ರದ ಕಡತ ಹೀಗೆ ಆರಂಭವಾಗುತ್ತದೆ, ಧ್ವನಿಯ ಕಡತ ಹಾಗೆ ಎಂಬ ಗುರುತುಗಳಿಂದ ಒಂದೊಂದನ್ನಾಗಿ ಹೆಕ್ಕಿ, ಬೇರೊಂದು ಡಿಸ್ಕಿನಲ್ಲಿ ಇಡುತ್ತದೆ. ಹೆಸರುಗಳು ಮಾತ್ರ ಬರುವುದಿಲ್ಲ, ಬರಿಯ ಅಂಕಿಗಳು.

ಇಡೀ ರಾತ್ರಿ ಅದು ಹೆಕ್ಕಿತು. ಬೆಳಿಗ್ಗೆ ಸಾವಿರಾರು ಹೆಸರಿಲ್ಲದ ಕಡತಗಳ ನಡುವೆ ಕುಳಿತು, ಧ್ವನಿಯ ಕಡತಗಳನ್ನು ಒಂದೊಂದಾಗಿ ತೆರೆದು ಕೇಳಿದೆವು. ಹದಿಮೂರು ಹಾಡುಗಳು ಸಿಕ್ಕವು. ನಾಲ್ಕು ಸಿಗಲಿಲ್ಲ; ಅವು ಡಿಸ್ಕಿನ ಮೊದಲ ಭಾಗದಲ್ಲಿದ್ದಿರಬೇಕು. ಅಲ್ಲಿ ಈಗ ಲಿನಕ್ಸಿನ ಕಡತಗಳಿವೆ.

ಆದಕಾರಣ ವಾಚಕರಲ್ಲಿ ನಮ್ಮ ವಿನಂತಿ: ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಆಜ್ಞೆ ಜೋಡಿಸಿದ ಡಿಸ್ಕುಗಳನ್ನೆಲ್ಲ ಗಾತ್ರದೊಡನೆ ತೋರಿಸುತ್ತದೆ. ಬರೆಯುವ ಪ್ರತಿಯೊಂದು ಸಲವೂ ಕಾರ್ಡು ಹಾಕುವ ಮುನ್ನ ಒಮ್ಮೆ, ಹಾಕಿದ ಮೇಲೆ ಒಮ್ಮೆ ಅದನ್ನು ನಡೆಸಿ, ಹೊಸದಾಗಿ ಕಂಡುದು ಯಾವುದು, ಅದರ ಗಾತ್ರ ಕಾರ್ಡಿನ ಮೇಲೆ ಅಚ್ಚಾದ ಗಾತ್ರಕ್ಕೆ ಒಪ್ಪುತ್ತದೆಯೆ ಎಂದು ನೋಡತಕ್ಕದ್ದು. ಬೇಡದ ಡಿಸ್ಕುಗಳನ್ನು ಮೊದಲೇ ಕಳಚಿಡುವುದು ಇನ್ನೂ ಮೇಲು. ರಾಸ್ಪ್‌ಬೆರಿ ಪೈ ಸಂಸ್ಥೆಯವರು ಕಾರ್ಡು ಬರೆಯಲೆಂದೇ ‘ಇಮೇಜರ್’ ಎಂಬ ಸಾಧನವನ್ನು ಕೊಟ್ಟಿದ್ದಾರೆ. ಅದು ಡಿಡಿಯಂತೆ ಮೂಕವಲ್ಲ. ಬರೆಯುವ ಮುನ್ನ ಕೇಳುತ್ತದೆ, ಬರೆದ ಮೇಲೆ ಓದಿ ತಾಳೆ ನೋಡುತ್ತದೆ. ಕೊನೆಗೆ ನಾವೂ ಅದನ್ನೇ ಬಳಸಿದೆವು.

ಎಚ್ಚರಗೊಂಡ ಮೇಲೆ

ಮುಂದಿನ ಭಾನುವಾರ ಹುಡುಗರ ಎದುರಿನಲ್ಲಿಯೇ ವಿದ್ಯುತ್ತು ಕೊಟ್ಟೆವು. ಹಸುರು ದೀಪ ಈ ಸಲ ಎಣಿಕೆಗೆ ಸಿಗದಂತೆ ಪಟಪಟನೆ ಮಿನುಗಿತು. ಪರದೆಯ ಮೇಲೆ ಕಾಮನಬಿಲ್ಲಿನ ಬಣ್ಣದ ಚೌಕವೊಂದು ಮೂಡಿ ಮರೆಯಾಯಿತು. ಅದು ಆಳು ತನ್ನ ಕೆಲಸ ಮುಗಿಯಿತೆಂದು ಹೇಳುವ ಗುರುತು. ಹಿಂದೆಯೇ ಬಿಳಿಯ ಅಕ್ಷರಗಳ ಸಾಲುಗಳು ಜಡಿಮಳೆಯಂತೆ ಇಳಿಯತೊಡಗಿದವು. ಮೊದಲ ಸಲವಾದುದರಿಂದ ಅದು ತನ್ನ ಎರಡನೆಯ ವಿಭಾಗವನ್ನು ಕಾರ್ಡಿನ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿಕೊಂಡು, ಒಮ್ಮೆ ತಾನಾಗಿ ಮಲಗಿ ಎದ್ದಿತು. ಹಳೆಯ ಯಂತ್ರ, ನಿಧಾನ. ಹುಡುಗರು ಅಷ್ಟರಲ್ಲಿ ಕಡಲೆಕಾಯಿ ತಿಂದು ಮುಗಿಸಿದ್ದರು.

ಗುಪ್ತಪದದ ವಿಷಯವಾಗಿ ಒಂದು ಮಾತು. ಮೊದಲಿನ ದಿನಗಳಲ್ಲಿ ಈ ವಿತರಣೆಗೆ ‘ಪೈ’ ಎಂಬ ಬಳಕೆದಾರ, ‘ರಾಸ್ಪ್‌ಬೆರಿ’ ಎಂಬ ಗುಪ್ತಪದ, ಜಗತ್ತಿಗೆಲ್ಲ ಒಂದೇ ಆಗಿತ್ತು. ಊರಿಗೆಲ್ಲ ಒಂದೇ ಬೀಗದಕೈ ಇದ್ದಂತೆ. ೨೦೨೨ರ ಏಪ್ರಿಲಿನಲ್ಲಿ ಅದನ್ನು ತೆಗೆದುಹಾಕಿದರು. ಈಗ ಕಾರ್ಡು ಬರೆಯುವಾಗಲೋ ಮೊದಲ ಸಲ ಎಬ್ಬಿಸುವಾಗಲೋ ಹೆಸರನ್ನೂ ಗುಪ್ತಪದವನ್ನೂ ನಾವೇ ಇಡಬೇಕು. ಹುಡುಗರು ಇಟ್ಟ ಗುಪ್ತಪದವನ್ನು ನಮಗೆ ಹೇಳಲಿಲ್ಲ, ಮೇಷ್ಟರಿಗೂ ಹೇಳಲಿಲ್ಲವೆಂದು ಕೇಳಿದೆವು.

ಆಮೇಲೆ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಕಟ್ಟನ್ನು ತರಿಸಿ ಕನ್ನಡ ಅಕ್ಷರಗಳನ್ನು ಕೂಡಿಸಲು ಹೋದರೆ, ಭದ್ರತೆಯ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲವೆಂದು ಯಂತ್ರ ಮೊಂಡುಹಿಡಿಯಿತು. ಕಾರಣ ಹುಡುಕಿದರೆ, ಅದರ ಲೆಕ್ಕದಲ್ಲಿ ದಿನಾಂಕವೇ ಹಿಂದಿತ್ತು. ಈ ಫಲಕದಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ವಿದ್ಯುತ್ತು ಹೋದರೆ ಅದರ ಪಾಲಿಗೆ ಕಾಲವೇ ನಿಂತುಹೋಗುತ್ತದೆ. ಮತ್ತೆ ಎದ್ದಾಗ ಕೊನೆಯ ಸಲ ಮಲಗಿದ ಹೊತ್ತನ್ನೇ ಈಗಿನ ಹೊತ್ತೆಂದು ತಿಳಿಯುತ್ತದೆ. ಅಂತರ್ಜಾಲ ಸಿಕ್ಕೊಡನೆ ಅಲ್ಲಿನ ಕಾಲಸೇವಕಗಳನ್ನು ಕೇಳಿ ತಿದ್ದಿಕೊಳ್ಳುವುದು ವಾಡಿಕೆ; ಆ ದಿನ ಸಂಪರ್ಕ ಕುಂಟುತ್ತಿದ್ದುದರಿಂದ ಅದೂ ಆಗಿರಲಿಲ್ಲ. ಕೈಯಿಂದ ದಿನಾಂಕ ತಿದ್ದಿದೆವು, ಅಕ್ಷರಗಳು ಬಂದವು. ಅವುಗಳಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಹೆಸರಿನ ಅಕ್ಷರಜಾತಿಗಳಿದ್ದುದನ್ನು ಕಂಡು ಮಕ್ಕಳು ನಕ್ಕರು.

ಈಗ ಫಲಕ ಶಾಲೆಯ ವಿಜ್ಞಾನದ ಕೊಠಡಿಯಲ್ಲಿದೆ, ಅದೇ ಊಟದ ಡಬ್ಬಿಯೊಳಗೆ, ಮುಚ್ಚಳಕ್ಕೆ ತೂತು ಕೊರೆದು. ಅಂಚಿನ ಏಳನೆಯ ಮುಳ್ಳಿಗೆ ೪.೭ ಕಿಲೋ ಓಮಿನ ರೋಧಕದೊಡನೆ ಉಷ್ಣತೆಯನ್ನಳೆಯುವ ಮೂರು ಕಾಲಿನ ಅರೆವಾಹಕವೊಂದನ್ನು ಹುಡುಗರು ಜೋಡಿಸಿದ್ದಾರೆ. ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳುವ ಪುಟ್ಟ ಕ್ರಮವಿಧಿಯನ್ನೂ ತಾವೇ ಬರೆದಿದ್ದಾರೆ. ಕಾರ್ಡಿನ ಇನ್ನೊಂದು ನಕಲನ್ನು ಮೇಷ್ಟರು ತಮ್ಮ ಮೇಜಿನ ಸೆಳೆಖಾನೆಯಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಶಾಲೆಗೆ ಅಂತರ್ಜಾಲವಿಲ್ಲ, ಕರೆಂಟು ಹೋಗುವುದು ದಿನದ ಮಾತು. ಅದಕ್ಕಾಗಿ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಬಾರಿಸುವುದಕ್ಕೆ ಮುಂಚೆ, ಅಂದು ಮಿನುಗನ್ನು ಎಣಿಸಿದ ಹುಡುಗಿ ಬಂದು ಡಬ್ಬಿಯ ಯಂತ್ರಕ್ಕೆ ದಿನವನ್ನೂ ಹೊತ್ತನ್ನೂ ಹೇಳಿಕೊಟ್ಟು ಹೋಗುತ್ತಾಳೆ.